ಇನ್ನೊಬ್ಬನ ಹೆಸರಿಗೆ ಹಾಜರಿ

ಗುರುವಾರ ಬಂತೆಂದರೆ ಅಡೆಲಿನೊ ರಪೋಜೊ ಬೆಳಿಗ್ಗೆಯಿಂದಲೇ ಮೆಟ್ಟಿಲ ಕಡೆಗೆ ಕಿವಿಯಿಟ್ಟು ಕೂರುತ್ತಿದ್ದ. ಮೂರನೆಯ ಮಹಡಿಯ ಆ ಬಾಡಿಗೆ ಮನೆಗೆ ಹತ್ತಿ ಬರುವವರು ವಾರಕ್ಕೆ ಒಬ್ಬರೇ, ಅದೂ ಗುರುವಾರ. ಉಳಿದ ದಿನಗಳಲ್ಲಿ ಬರುತ್ತಿದ್ದುದು ಕೆಳಗಿನ ಮನೆಯ ಡೋನಾ ಡೆಯೊಲಿಂಡಳ ರೇಡಿಯೊ ಸದ್ದು, ಅವಳು ಹುರಿಯುವ ಬೆಳ್ಳುಳ್ಳಿಯ ವಾಸನೆ, ಮತ್ತು ನಗರಸಭೆಯ ಲಕೋಟೆಗಳು. ಲಕೋಟೆಗಳು ಮೆಟ್ಟಿಲು ಹತ್ತುವುದಿಲ್ಲ. ಬೀದಿ ಬಾಗಿಲ ಡಬ್ಬಿಯಲ್ಲಿ ಬಿದ್ದಿರುತ್ತವೆ, ಇವನೇ ಇಳಿದು ತರಬೇಕು. ಕೊಹಾಸ್ಕೆಟ್ ಊರಿನ ಫೈರ್ ಸ್ಟೇಷನ್ನಿನಲ್ಲಿ ಆಯುಷ್ಯದ ಅರ್ಧಭಾಗ ಏಣಿ ಗಾಡಿಯ ಮೇಲೆ ನಿಂತು, ಉರಿಯುವ ಮನೆಗಳ ಕಿಟಕಿಗೆ ಹತ್ತಿದ ಮನುಷ್ಯ ಈಗ ತನ್ನ ಮನೆಯ ಮೆಟ್ಟಿಲು ಹತ್ತುವಾಗ ನಡುನಡುವೆ ಕೂತು ಸುಧಾರಿಸಿಕೊಳ್ಳುತ್ತಾನೆ.

ಬಾಗಿಲು ತಟ್ಟಿದ ಸದ್ದಾಯಿತು.

"ಬದುಕಿದ್ದೀಯೇನೋ?"

"ಸತ್ತಿದ್ದೆ. ಸೂಪಿನ ವಾಸನೆ ಬಂತು, ಎದ್ದೆ."

ನೋರೀನ್ ಕ್ವಿರ್ಕ್ ಒಳಗೆ ಬಂದಳು. ಕೈಯಲ್ಲಿ ಟವೆಲ್ಲು ಸುತ್ತಿದ ಪಾತ್ರೆ. ಅಡೆಲಿನೊನ ಜೊತೆ ಒಂದೇ ಗಾಡಿಯಲ್ಲಿ ದುಡಿದ ಡೆನಿಸ್ ಕ್ವಿರ್ಕನ ಹೆಂಡತಿ ಅವಳು. ಡೆನಿಸ್ ಸತ್ತು ಎಂಟು ವರ್ಷವಾಯಿತು. ಅಡೆಲಿನೊನ ಹೆಂಡತಿ ಲುರ್ದೆಸ್ ಅದಕ್ಕೂ ಮೊದಲೇ ಹೋದವಳು. ಕೇಲ್ ಸೊಪ್ಪು, ಆಲೂಗಡ್ಡೆ, ಖಾರದ ಹಂದಿ ಸಾಸೇಜು ಹಾಕಿ ಬೇಯಿಸುವ ಈ ಸೂಪನ್ನು ನೋರೀನಳಿಗೆ ಕಲಿಸಿದ್ದೂ ಲುರ್ದೆಸಳೇ. ಐರಿಶ್ ಹೆಂಗಸಿನ ಕೈಯಲ್ಲಿ ಅದಕ್ಕೆ ಉಪ್ಪು ಸ್ವಲ್ಪ ಕಮ್ಮಿ. ಅಡೆಲಿನೊ ಒಂದು ದಿನವೂ ಆ ಮಾತನ್ನು ಎತ್ತಿರಲಿಲ್ಲ. ಉಪ್ಪಿನ ಡಬ್ಬಿಯನ್ನು ಅವಳು ಹೋದ ಮೇಲೇ, ಉಳಿದ ಸೂಪಿಗೆ, ತೆಗೆಯುತ್ತಿದ್ದ.

ಅವನು ಬಟ್ಟಲು ಖಾಲಿ ಮಾಡುವವರೆಗೆ ಅವಳು ಎದುರು ಕೂರುತ್ತಿದ್ದಳು. ಕೋಟು ಮಾತ್ರ ಬಿಚ್ಚುತ್ತಿರಲಿಲ್ಲ. ಜುಲೈ ತಿಂಗಳ ಧಗೆಯಲ್ಲೂ ಆ ತೆಳುವಾದ ಕಂದು ಕೋಟಿನ ಗುಂಡಿ ಕತ್ತಿನವರೆಗೆ ಹಾಕಿಯೇ ಇರುತ್ತಿತ್ತು. ವಯಸ್ಸಾದವಳು, ಚಳಿ ಇರಬೇಕು ಅಂದುಕೊಂಡಿದ್ದ ಅಡೆಲಿನೊ. ಕೇಳುವ ಗೋಜಿಗೆ ಹೋಗಿರಲಿಲ್ಲ. ವಾರಕ್ಕೊಮ್ಮೆ ಬರುವ ಒಬ್ಬರನ್ನು ಯಾರು ಪ್ರಶ್ನೆ ಕೇಳಿ ಓಡಿಸುತ್ತಾರೆ?

"ವಕೀಲಳು ಏನಂದ್ಲು?" ಎಂದು ಆ ದಿನ ಅವಳು ಕೇಳಿದಳು.

"ನಾಳೆ ಬಾ ಅಂದಿದ್ದಾಳೆ. ಬೆಂಕಿ ಬೇಕಂತೆ ಅವಳಿಗೆ."

ನೋರೀನ್ ಟವೆಲ್ಲನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಅವನು ಅದನ್ನು ನೋಡಿದ. ಅರ್ಥವಾಗಲಿಲ್ಲ.

ಅವನಿಗೆ ಬಂದಿದ್ದು ಮೂತ್ರಕೋಶದ ಕ್ಯಾನ್ಸರು. ಈ ರಾಜ್ಯದ ಕಾನೂನು ಬಹಳ ದೊಡ್ಡ ಮನಸ್ಸಿನದು. ಫೈರ್‌ಮನ್‌ಗೆ ಕ್ಯಾನ್ಸರ್ ಬಂದರೆ ಅದು ಕೆಲಸದಿಂದಲೇ ಬಂದದ್ದು ಎಂದು ಸಾಕ್ಷಿ ಕೇಳದೆ ಒಪ್ಪುತ್ತದೆ. ಔಷಧಿ, ಪರಿಹಾರ, ಸತ್ತರೆ ಹೆಂಡತಿಗೆ ಪಿಂಚಣಿ, ಎಲ್ಲ ಕೊಡುತ್ತದೆ. ಷರತ್ತು ಒಂದೇ. ನಿವೃತ್ತಿಯಾದ ಐದು ವರ್ಷದೊಳಗೆ ರೋಗ ಕಾಣಿಸಿಕೊಳ್ಳಬೇಕು. ಆ ಗಡುವು ದಾಟಿದರೆ ಯಾವ ಬೆಂಕಿಯಿಂದ ಬಂತು, ನೀನು ಅಲ್ಲಿದ್ದೆಯಾ, ಏನು ಉಸಿರಾಡಿದೆ ಎಂದು ನೀನೇ ಸಾಬೀತು ಮಾಡಬೇಕು. ಈ ಗಡುವಿನ ವಿಷಯವನ್ನು ಹೊಗೆಗೆ ಯಾರೂ ತಿಳಿಸಿಲ್ಲ. ಮೈಯೊಳಗೆ ಹೊಕ್ಕ ವಿಷ ತನ್ನ ಪಾಡಿಗೆ ತಾನು, ಇಪ್ಪತ್ತು ವರ್ಷವೋ ಇಪ್ಪತ್ತೈದೋ, ಆರಾಮವಾಗಿ ಕೂತಿದ್ದು ಎದ್ದು ಬರುತ್ತದೆ. ಕಾನೂನು ಬರೆದವರು ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಕ್ಯಾಲೆಂಡರ್ ನೋಡಿ ಬರೆದರು. ಅವರಲ್ಲಿ ಒಬ್ಬನಾದರೂ ಒಂದು ದಿನ ಒದ್ದೆ ಇದ್ದಿಲ ಹೊಗೆ ಕುಡಿದಿದ್ದರೆ ಆ 'ಐದು' ಎಂಬ ಅಂಕಿಯನ್ನು ಹೊಡೆದುಹಾಕುತ್ತಿದ್ದ. ಅಡೆಲಿನೊನ ರೋಗ ಏಳನೆಯ ವರ್ಷಕ್ಕೆ ಬಂತು. ತಡವಾಗಿ ಬಂದ ರೋಗಕ್ಕೆ ನಗರಸಭೆ ಬಾಗಿಲು ಹಾಕಿಕೊಂಡಿತು.

ಫೈರ್‌ಮನ್‌ಗಳ ಸಂಘದವರು ಗೊತ್ತುಮಾಡಿಕೊಟ್ಟ ವಕೀಲಳ ಹೆಸರು ಕಾರ್ಲಾ ಬೆಟೆನ್‌ಕೂರ್. ಅವಳ ಅಪ್ಪ, ಅಡೆಲಿನೊನ ಅಪ್ಪನಂತೆಯೇ, ಅಜೋರ್ಸ್ ದ್ವೀಪಗಳಿಂದ ಬಂದು ಇಲ್ಲಿನ ಬಟ್ಟೆ ಗಿರಣಿಯಲ್ಲಿ ದುಡಿದವನು. ಅದಕ್ಕೇ ಅವಳಿಗೆ ಅವನ ಮೇಲೆ ಸ್ವಲ್ಪ ಜಾಸ್ತಿ ಕಾಳಜಿ, ಸ್ವಲ್ಪ ಜಾಸ್ತಿ ಸಿಟ್ಟು.

"ಸೆನ್ಯೋರ್ ರಪೋಜೊ, ನನಗೊಂದು ಬೆಂಕಿ ಕೊಡಿ."

"ಒಂದೇ ಸಾಕಾ ವಕೀಲಮ್ಮ? ಗೋಡೌನ್ ತುಂಬಾ ಇಟ್ಟಿದ್ದೀನಿ."

"ತಮಾಷೆ ಆಮೇಲೆ. ಅಡಿಗೆಮನೆ ಬೆಂಕಿ, ಹಾಸಿಗೆ ಬೆಂಕಿ, ಕಾರಿನ ಬೆಂಕಿ ಎಲ್ಲಾ ಅವರು ಮೂಸೂ ನೋಡಲ್ಲ. ಕೆಮಿಕಲ್ ಇತ್ತು ಅಂತ ಬರೆದಿಟ್ಟಿರೋ ಬೆಂಕಿ ಬೇಕು. ಈ ಊರಲ್ಲಿ ಅಂಥದ್ದು ಇರೋದು ಒಂದೇ. ನದಿ ದಂಡೆಯ ಬಣ್ಣದ ಗಿರಣಿ, ಬಟ್ಟೆಗೆ ಬಣ್ಣ ಹಾಕ್ತಿದ್ರಲ್ಲ, ಅದು."

ಅಡೆಲಿನೊ ಕಿಟಕಿಯಾಚೆ ನೋಡಿದ.

"ಆ ದಿನ ನಿಮಗೆ ರಜೆ," ಎಂದಳು ಕಾರ್ಲಾ. "ನಾನೇ ಹೋಗಿ ಹಾಜರಿ ಹಾಳೆ ನೋಡಿದೆ. ಅವತ್ತು ಏಣಿ ಗಾಡೀಲಿ ಹೋದವರಲ್ಲಿ ನಿಮ್ಮ ಹೆಸರಿಲ್ಲ. ನಿಮ್ಮ ಫ್ರೆಂಡ್ ಕ್ವಿರ್ಕ್ ಇದ್ದಾರೆ. ಅವರಿಗೂ ಗಡುವು ದಾಟಿದ ಮೇಲೇ ರೋಗ ಬಂದಿತ್ತು. ಆದ್ರೂ ಪರಿಹಾರ ಸಿಕ್ತು, ಯಾಕೆ ಹೇಳಿ? ಗಿರಣಿ ಬೆಂಕೀಲಿ ಹೆಸರಿತ್ತು, ಅದಕ್ಕೆ."

"ಹೌದು. ಡೆನಿಸ್ ಹೆಸರಿತ್ತು."

"ನಿಮಗೆ ಬೇರೆ ಯಾವುದೂ ನೆನಪಿಲ್ವಾ?"

ಅವನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಕೇಳಿದ: "ಮಾತಿಗೆ ಕೇಳ್ತೀನಿ. ಒಬ್ಬ ಇನ್ನೊಬ್ಬನ ಬದಲಿಗೆ ನಿಂತಿದ್ದ ಅಂದ್ಕೋ. ಹೆಸರು ಅವನದು, ಮೈ ಇವನದು. ಆಗ?"

ಕಾರ್ಲಾ ಪೆನ್ನು ಕೆಳಗಿಟ್ಟಳು. ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಬುದ್ಧಿವಂತೆ, ಮುಂದಿನ ಪ್ರಶ್ನೆಯನ್ನು ಕೇಳಲಿಲ್ಲ.

"ಮಾತಿಗೇ ಹೇಳ್ತೀನಿ. ಇವನಿಗೆ ಸಿಗುತ್ತೋ ಇಲ್ವೋ, ಅದು ನಮ್ಮ ಜಗಳ, ಆಡಬಹುದು. ಆದ್ರೆ ಅವನ ಹೆಂಡತಿಗೆ ಬರ್ತಿರೋದು ಮಾರನೇ ದಿನಾನೇ ನಿಲ್ಲುತ್ತೆ. ಅದು ಮಾತ್ರ ಗ್ಯಾರಂಟಿ."

ಫೈರ್ ಸ್ಟೇಷನ್ನಿನಲ್ಲಿ ಬದಲಿಗೆ ನಿಲ್ಲುವುದು ಎಂದರೆ ಊಟಕ್ಕೆ ಕೂರುವಷ್ಟು ಸಹಜ. ಒಬ್ಬನ ಮಗುವಿಗೆ ದೀಕ್ಷಾಸ್ನಾನ, ಇನ್ನೊಬ್ಬನ ದೋಣಿ ಸೋರುತ್ತಿದೆ, ಮತ್ತೊಬ್ಬನ ಅತ್ತೆ ಬರುತ್ತಾಳೆ. "ನಾಳೆ ನನ್ ಜಾಗದಲ್ಲಿ ನಿಂತ್ಕೊಳೋ" ಎಂದರೆ ನಿಂತ. ಅರ್ಜಿಯಿಲ್ಲ, ಸಹಿಯಿಲ್ಲ. ಬೆಳಿಗ್ಗೆ ಕ್ಯಾಪ್ಟನ್ ಲವಾಲಿ ಹಾಳೆ ಹಿಡಿದು ಹೆಸರು ಕೂಗುತ್ತಿದ್ದ. ಬಂದವನು ಬರದವನ ಹೆಸರಿಗೆ "ಹಾಜರ್" ಎನ್ನುತ್ತಿದ್ದ. ಕ್ಯಾಪ್ಟನ್ ತಲೆ ಎತ್ತಿ ಮುಖ ನೋಡುತ್ತಿದ್ದ, ಮತ್ತೆ ತಲೆ ಬಗ್ಗಿಸಿ ಕೂಗಿದ ಹೆಸರಿನ ಮುಂದೆಯೇ ಗುರುತು ಹಾಕುತ್ತಿದ್ದ. ಗಾಡಿಗೆ ಬೇಕಾದಷ್ಟು ಮೈಗಳಿದ್ದರೆ ಸಾಕು. ಯಾವ ಮುಖಕ್ಕೆ ಯಾವ ಹೆಸರು ಎಂದು ಬೆಂಕಿ ಕೇಳುವುದಿಲ್ಲ. ಮುಂದೆಂದಾದರೂ ನಗರಸಭೆ ಕೇಳೀತು ಎಂದು ಅಲ್ಲಿ ಯಾರ ತಲೆಗೂ ಹೊಳೆದಿರಲಿಲ್ಲ. ಸ್ಟೇಷನ್ನಿನ ಒಳಗಿನ ಮಾತು ಹೊರಗೆ ಹೋಗಬಾರದು ಎಂಬುದೊಂದೇ ಅವರಿಗೆ ಗೊತ್ತಿದ್ದ ಕಾನೂನು.

ಇಪ್ಪತ್ತೈದು ವರ್ಷದ ಹಿಂದೆ ಡೆನಿಸ್ ಕ್ವಿರ್ಕ್ ಕುಡಿದು ಸ್ಟೇಷನ್ನಿನ ಬಚ್ಚಲಲ್ಲಿ ಬಿದ್ದ. ಮತ್ತೊಮ್ಮೆ ಬಿದ್ದರೆ ಮನೆಗೆ ಕಳಿಸುತ್ತೇನೆ ಎಂದ ಲವಾಲಿ. ನೋರೀನ್ ಪೆಟ್ಟಿಗೆ ಕಟ್ಟಿ ಬಾಗಿಲಲ್ಲಿಟ್ಟಳು. ಉತ್ತರದ ಬೆಟ್ಟದಲ್ಲಿ ಕ್ರೈಸ್ತ ಸನ್ಯಾಸಿಗಳು ಕುಡುಕರನ್ನು ಇಟ್ಟುಕೊಂಡು ಕುಡಿತ ಬಿಡಿಸುವ ಒಂದು ಮಠವಿತ್ತು. ಅಲ್ಲಿಗೆ ಹೋಗಿ ಬರುವವರೆಗೆ ಡೆನಿಸನ ಜಾಗದಲ್ಲಿ ನಿಂತವನು ಅಡೆಲಿನೊ. ತನ್ನ ಪಾಳಿಯನ್ನೂ ಮಾಡಿ, ತನಗೆ ರಜೆಯಿದ್ದ ದಿನ ಅವನದನ್ನೂ ಮಾಡಿದ. "ಕ್ವಿರ್ಕ್!" "ಹಾಜರ್." ಎಷ್ಟೋ ಬೆಳಗು ಹೀಗೆ. ಅಂಥ ಒಂದು ಬೆಳಿಗ್ಗೆ ಹಾಜರಿ ಮುಗಿದು ಕಾಫಿ ಬಟ್ಟಲಿಗೆ ಬೀಳುವ ಮೊದಲೇ ಬಣ್ಣದ ಗಿರಣಿಗೆ ಬೆಂಕಿ ಬಿದ್ದ ಗಂಟೆ ಹೊಡೆಯಿತು.

ಪೀಪಾಯಿಗಳು ಒಂದೊಂದಾಗಿ ಸಿಡಿಯುತ್ತಿದ್ದವು. ಜ್ವಾಲೆಯ ಬಣ್ಣ ಹಸಿರು. ಛಾವಣಿಯಿಂದ ತೊಟ್ಟಿಕ್ಕುತ್ತಿದ್ದ ನೀರು ನೇರಳೆ. ಗಾಳಿಯ ಸಿಲಿಂಡರು ಖಾಲಿಯಾಗುವವರೆಗೆ ಎಲ್ಲರೂ ಮುಖವಾಡ ಹಾಕಿಕೊಂಡಿದ್ದರು, ಸರಿ. ಆದರೆ ನಿಜವಾದ ವಿಷ ಏಳುವುದು ಉರಿ ಆರಿದ ಮೇಲೆ, ಬೂದಿ ಕೆದಕುವಾಗ. ಆಗ ಮುಖವಾಡ ಹಾಕುವುದು ಆ ಸ್ಟೇಷನ್ನಿನಲ್ಲಿ ನಾಚಿಕೆಗೇಡು. ಹೊಸಬನೊಬ್ಬ ಹಾಕಿಕೊಂಡರೆ "ಮದುಮಗಳು ಮುಸುಕು ಹಾಕ್ಕೊಂಡು ಬಂದ್ಲು, ದಾರಿ ಬಿಡ್ರೋ!" ಎಂದು ಕೂಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಅಡೆಲಿನೊನೇ. ಮಸಿ ಹಿಡಿದ ಕೋಟನ್ನು ಒಗೆಯುತ್ತಿರಲಿಲ್ಲ. ಮಸಿ ಜಾಸ್ತಿಯಿದ್ದಷ್ಟೂ ಮರ್ಯಾದೆ ಜಾಸ್ತಿ. ಮುಖವಾಡ ಹಾಕಿಕೊಳ್ಳಿ ಎಂದು ಮೇಲಿನವರು ಗೋಡೆಗೊಂದು ಹಾಳೆ ಅಂಟಿಸಿ ಕೈ ತೊಳೆದುಕೊಂಡಿದ್ದರು. ಗಂಡಸುತನದ ಹುಚ್ಚು ಹುಡುಗರದ್ದು, ನಿಜ. ಆ ಹುಚ್ಚಿನಿಂದ ಸಿಲಿಂಡರಿನ ಖರ್ಚು ಉಳಿಸಿಕೊಂಡವರು ಯಾರು?

ಗಿರಣಿಯ ಬೆಂಕಿಯಾದ ಮೇಲೆ ಕೆಲವು ದಿನ ಅಡೆಲಿನೊನ ಉಚ್ಚೆ ನೇರಳೆ ಬಣ್ಣಕ್ಕೆ ಬರುತ್ತಿತ್ತು. "ಹೊಸಾ ಬಿಳಿ ಕಮೋಡು ಹಾಕ್ಸಿ ತಿಂಗಳಾಗಿಲ್ಲ, ಬಿಷಪ್ಪನ ನಿಲುವಂಗಿ ಥರ ಮಾಡಿಟ್ಟಿದ್ದೀಯಲ್ಲೋ!" ಎಂದು ಲುರ್ದೆಸ್ ಉಜ್ಜುತ್ತ ಬೈದಿದ್ದಳು. ಬೆಟ್ಟದಿಂದ ಡೆನಿಸ್ ಬಂದಾಗ ಸ್ಟೇಷನ್ನಿನ ಹಿಂದಿನ ಕಲ್ಲಿನ ಮೇಲೆ ಕೂತು ಅಡೆಲಿನೊ ಅವನಿಗೆ ಎಲ್ಲವನ್ನೂ ಹೇಳಿದ. ಹಸಿರು ಜ್ವಾಲೆ, ನೇರಳೆ ನೀರು, ಬಿಷಪ್ಪನ ನಿಲುವಂಗಿ, ಎಲ್ಲ. ಡೆನಿಸ್ ನಗಲಿಲ್ಲ. "ನಾನಿರಬೇಕಾಗಿತ್ತು ಅಲ್ಲಿ," ಎಂದ. ಆಮೇಲೆ ಅವನು ಸಾಯುವವರೆಗೂ ಒಂದು ಹನಿ ಮುಟ್ಟಲಿಲ್ಲ.

ಡೆನಿಸನನ್ನು ಕೊಂದದ್ದೂ ಮೂತ್ರಕೋಶದ ಕ್ಯಾನ್ಸರೇ. ಗಿರಣಿಗೆ ಹೋಗದಿದ್ದರೇನಾಯಿತು, ಬೇರೆ ನೂರು ಕಡೆ ಹೋಗಿದ್ದ. ಅವನ ಕೆಲಸ ನಿಜ, ರೋಗ ನಿಜ, ಸಾವು ನಿಜ. ಸುಳ್ಳಾಗಿದ್ದುದು ಒಂದು ದಿನದ ಹಾಜರಿ. ಕಾನೂನು ನಿಜವನ್ನೆಲ್ಲ ಪಕ್ಕಕ್ಕಿಟ್ಟು ಆ ಸುಳ್ಳನ್ನು ನಂಬಿ ಪರಿಹಾರ ಕೊಟ್ಟಿತು. ಈಗ ಅದೇ ಸುಳ್ಳನ್ನು ಹಿಡಿದು ಇನ್ನೊಬ್ಬನಿಗೆ ಇಲ್ಲವೆನ್ನುತ್ತಿದೆ.

ಅಂದಿನ ಗಾಡಿಯವರು ಯಾರಿದ್ದಾರೆ? ಲವಾಲಿ ಮಣ್ಣಾದ. ಫ್ಲೋರಿಡಾದಲ್ಲಿರುವ ಒಬ್ಬನಿಗೆ ಅಡೆಲಿನೊ ಫೋನು ಮಾಡಿದ. "ನನಗೆ ಏನೂ ನೆನಪಿಲ್ಲ ಗುರೂ. ನೆನಪಿದ್ರೂ ಇಲ್ಲ," ಎಂದು ಅವನು ಇಟ್ಟುಬಿಟ್ಟ. ತಪ್ಪಿಲ್ಲ. ಅಡೆಲಿನೊ ಆಗಿದ್ದರೂ ಹಾಗೆಯೇ ಇಡುತ್ತಿದ್ದ.

ಹೇಳಿದರೆ ನೋರೀನಳ ಬದುಕು ಅಲ್ಲಾಡುತ್ತದೆ. ಹೇಳದಿದ್ದರೆ ಇವನ ಔಷಧಿಯ ಬಿಲ್ಲು ತೀರುವ ದಾರಿಯಿಲ್ಲ. ಅದಕ್ಕಿಂತ ಹೆಚ್ಚಾಗಿ, ನೀನು ಅಲ್ಲಿರಲಿಲ್ಲ ಎಂಬ ಮಾತನ್ನು ಒಪ್ಪಿಕೊಂಡೇ ಸಾಯಬೇಕು. ಕೇಳದೆ ಹೇಳುವುದು ಬೇಡ ಅಂದುಕೊಂಡು ನಗರಸಭೆಯಲ್ಲಿ ಅವನ ಅರ್ಜಿಯ ವಿಚಾರಣೆ ನಡೆಯುವ ಹಿಂದಿನ ವಾರ ಬಸ್ಸು ಹತ್ತಿ, ದಿಬ್ಬದ ಮೇಲಿದ್ದ ಅವಳ ಮನೆಗೆ ಹೋದ. ಎಂಟು ವರ್ಷದಲ್ಲಿ ಅವನು ಅಲ್ಲಿಗೆ ಹೋಗಿದ್ದು ಅದೇ ಮೊದಲು. ಪ್ರತಿ ಸಲ ಅವಳೇ ಬರುತ್ತಿದ್ದಳಲ್ಲ.

ನೋರೀನ್ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಮನೆಯೊಳಗೆ ಕೋಟಿರಲಿಲ್ಲ. ತೋಳಿಲ್ಲದ ಹಳೇ ಅಂಗಿ, ಬೆವರಿದ ಕತ್ತು. ಅವನನ್ನು ಕಂಡವಳೇ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಬಂದ್ಯಾ. ಕೂತ್ಕೋ. ಯಾಕೆ ಬಂದೆ ಅಂತ ಹೇಳ್ಬೇಡ."

"ನೋರೀನ್, ನಾನು—"

"ಗೊತ್ತು. ಡೆನಿಸ್ ಸಾಯೋ ಮುಂಚೆ ಹೇಳ್ದ. ಅರ್ಜೀಲಿ ಬರೆಸಿದ್ದು ನಾನು ಮಠದಲ್ಲಿದ್ದಾಗಿನ ಗಿರಣಿ ಬೆಂಕಿ, ಅಲ್ಲಿಗೆ ಹೋಗಿದ್ದು ನಾನಲ್ಲ, ಅಡೆಲಿನೊ ಅಂತ. ಆಗಲೇ ಅರ್ಜಿ ಹಾಕಿ ಆಗಿತ್ತು, ಅವನ ಹೇಳಿಕೆನೂ ಬರ್ಕೊಂಡು ಹೋಗಿದ್ರು. ನಾನು ಬಾಯಿ ಮುಚ್ಕೊಂಡೆ."

ಗೋಡೆಯ ಮೇಲೆ ಡೆನಿಸನ ಫೋಟೊ ಇತ್ತು, ಮೀಸೆಯ ಕೆಳಗೆ ಅದೇ ಅರ್ಧ ನಗು.

"ವಾರಕ್ಕೊಂದು ಸಲ ಅವನಿಗೆ ಏನಾದ್ರೂ ತಗೊಂಡು ಹೋಗು, ನನ್ನ ಸಾಲ ಇದೆ ಅಂತ ಡೆನಿಸೇ ಹೇಳಿದ್ದು," ಎಂದಳು ನೋರೀನ್.

"ಅಂದ್ರೆ ಆ ಸೂಪು?"

"ಆ ಸೂಪು ಅದಕ್ಕೇ." ಅವಳು ತಲೆ ಎತ್ತಲಿಲ್ಲ. "ಕೋಟು ಯಾಕೆ ಬಿಚ್ಚಲ್ಲ ಅಂತ ನೀನು ಒಂದು ದಿನಾನೂ ಕೇಳಲಿಲ್ಲ. ಬಿಚ್ಚಿ ಕೂತ್ರೆ ಬಾಯಿ ಬಿಡ್ತೀನಿ ಅಂತ ಭಯ. ನೀನು ತಿಂದು ಮುಗಿಸೋದನ್ನೇ ಕಾಯ್ತಿದ್ದೆ, ಎದ್ದು ಓಡೋಕೆ. ಆ ಪಿಂಚಣಿ ನಿಂತ್ರೆ ಈ ಮನೆ ನಿಲ್ಲಲ್ಲ ಅಡೆಲಿನೊ. ನನಗೆ ಈ ವಯಸ್ಸಲ್ಲಿ ಹೋಗೋಕೆ ಜಾಗ ಇಲ್ಲ."

"ಹೇಳ್ಬೇಡ ಅಂತೀಯಾ?"

"ಹೇಳ್ಬೇಡ ಅನ್ನೋಕೆ ನನಗೆ ಮುಖ ಇಲ್ಲ. ಹೇಳು ಅನ್ನೋಷ್ಟು ಧೈರ್ಯ ಇಲ್ಲ. ಕೇಳಿದ್ರೆ ಸುಳ್ಳು ಹೇಳಲ್ಲ, ಅಷ್ಟೇ."

ಅವನು ಎದ್ದ. ಅವಳು ಬಾಗಿಲವರೆಗೆ ಬಂದಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅಡೆಲಿನೊ ಕ್ಯಾನ್ಸರಿನ ಬಗ್ಗೆ ಯೋಚಿಸಲಿಲ್ಲ, ಪರಿಹಾರದ ಬಗ್ಗೆ ಯೋಚಿಸಲಿಲ್ಲ. ಎಂಟು ವರ್ಷದ ಗುರುವಾರಗಳು ಅವನ ಕಣ್ಣ ಮುಂದೆ ಬಂದವು. ಬೆಳಗಾಗೆದ್ದು ಗಡ್ಡ ಹೆರೆದುಕೊಂಡಿದ್ದು, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡಿದ್ದು, ಅವಳು ಬರುವ ಮೊದಲು ಕುರ್ಚಿಯ ಮೇಲಿನ ಪೇಪರು ಎತ್ತಿಟ್ಟಿದ್ದು. ಈ ಲೋಕದಲ್ಲಿ ಒಬ್ಬರಿಗೆ ತಾನು ಬೇಕು ಅಂದುಕೊಂಡಿದ್ದ. ಬೇಕಾಗಿರಲಿಲ್ಲ. ಅವನು ವಾರಕ್ಕೊಮ್ಮೆ ತೀರಿಸಬೇಕಾದ ಒಂದು ಬಾಕಿಯಾಗಿದ್ದ.

ಆ ಗುರುವಾರ ಅವಳು ಬರಲಿಲ್ಲ.

ವಿಚಾರಣೆ ನಗರಸಭೆಯ ಎರಡನೆಯ ಮಹಡಿಯಲ್ಲಿ. ಉದ್ದನೆಯ ಮೇಜು, ಅದರಾಚೆ ಅರ್ಜಿ ತೀರ್ಮಾನಿಸುವ ಪಿಂಚಣಿ ಮಂಡಳಿಯ ಮೂವರು. ಬಾಗಿಲಿಗೆ ಗಾಜು. ಈ ಕಡೆ ಕಾರ್ಲಾ ಮತ್ತು ಅಡೆಲಿನೊ, ಆ ಕಡೆ ನಗರಸಭೆಯ ವಕೀಲ. ಚೊಕ್ಕ ಮನುಷ್ಯ, ಮೃದು ಮಾತು. ಇಂಥ ಕೆಲಸಕ್ಕೆ ಯಾವಾಗಲೂ ಮೃದು ಮಾತಿನವರನ್ನೇ ಇಟ್ಟುಕೊಳ್ಳುತ್ತಾರೆ.

ಕಾರ್ಲಾ ಇದ್ದ ಬಲವನ್ನೆಲ್ಲ ಹಾಕಿ ವಾದಿಸಿದಳು. ಮೂವತ್ತು ವರ್ಷದ ಹೊಗೆ, ಒಗೆಯದ ಕೋಟು, ಸಣ್ಣ ಬೆಂಕಿಗಳು ಸೇರಿ ದೊಡ್ಡದಾಗುವ ಲೆಕ್ಕ. ಮಂಡಳಿಯ ಒಬ್ಬ ಕನ್ನಡಕ ಒರೆಸುತ್ತಿದ್ದ.

"ನಮಗೂ ಸಹಾನುಭೂತಿ ಇದೆ," ಎಂದ ನಗರಸಭೆಯ ವಕೀಲ. "ಆದರೆ ಕೆಮಿಕಲ್ ಬೆಂಕಿಗೆ ಹೋದವರು ಹೇಗೆ ಮಾತಾಡ್ತಾರೆ ಅಂತ ಮಂಡಳಿಗೆ ತೋರಿಸ್ತೀನಿ. ಇದು ತೀರಿಹೋದ ಡೆನಿಸ್ ಕ್ವಿರ್ಕ್ ಅವರ ಹೇಳಿಕೆ." ಅವನು ಓದಿದ. "'ಜ್ವಾಲೆ ಹಸಿರಿತ್ತು. ಛಾವಣಿಯಿಂದ ನೇರಳೆ ನೀರು ಸುರೀತಿತ್ತು. ಆಮೇಲೆ ಕೆಲವು ದಿನ ನನ್ನ ಉಚ್ಚೆನೂ ನೇರಳೆ. ಹೊಸಾ ಬಿಳಿ ಕಮೋಡನ್ನ ಬಿಷಪ್ಪನ ನಿಲುವಂಗಿ ಥರ ಮಾಡಿದ್ದೀಯ ಅಂತ ಮನೇಲಿ ಬೈಸ್ಕೊಂಡೆ.'"

ಕನ್ನಡಕ ಒರೆಸುತ್ತಿದ್ದವನು ನಕ್ಕ.

ಅಡೆಲಿನೊ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡ. ಲುರ್ದೆಸಳ ದನಿ. ಸತ್ತು ಅಷ್ಟು ವರ್ಷವಾದವಳು ಈ ಕೋಣೆಗೆ ಬಂದು, ಬ್ರಷ್ಷು ಹಿಡಿದು ಬೈದಂತಾಯಿತು. ಅದು ನನ್ನ ಹೆಂಡತಿ ಆಡಿದ ಮಾತು ಎಂಬುದು ನಾಲಿಗೆಯ ತುದಿಗೆ ಬಂತು. ಡೆನಿಸ್ ಒಂದಕ್ಷರ ಬಿಡದೆ ನೆನಪಿಟ್ಟುಕೊಂಡಿದ್ದ. ಅಷ್ಟು ಗಮನ ಕೊಟ್ಟು ಅವನ ಮಾತನ್ನು ಜೀವಮಾನದಲ್ಲಿ ಇನ್ಯಾರು ಕೇಳಿದ್ದರು?

"ಮಿಸ್ಟರ್ ರಪೋಜೊ, ಆ ದಿನ ನೀವು ಗಿರಣಿಯಲ್ಲಿ ಇದ್ರಾ?" ವಕೀಲ ಮುಂದಕ್ಕೆ ಬಾಗಿದ. "ದಾಖಲೆ ತಪ್ಪು ಅನಿಸಿದ್ರೆ ಧಾರಾಳವಾಗಿ ಹೇಳಿ. ಹಾಗಿದ್ರೆ ಅಲ್ಲಿ ಯಾರಿದ್ರು ಯಾರಿರಲಿಲ್ಲ ಅಂತ ಎಲ್ಲಾ ಫೈಲನ್ನೂ ಮತ್ತೆ ತೆಗೀಬಹುದು. ನಮಗೇನೂ ಅಭ್ಯಂತರ ಇಲ್ಲ."

ಅಭ್ಯಂತರವಿಲ್ಲ ಎಂದದ್ದಷ್ಟೇ ಅಲ್ಲ, ಅವನಿಗೆ ಅದು ಬೇಕಾಗಿತ್ತು. ಹೊಗೆ ತುಂಬಿದ ಕೋಣೆಗೆ ಕಾಲಿಡುವ ಮುಂಚೆ ಫೈರ್‌ಮನ್ ಕೊಡಲಿಯ ಹಿಡಿಯಿಂದ ನೆಲವನ್ನು ಕುಟ್ಟಿ ನೋಡುತ್ತಾನೆ. ಅಡೆಲಿನೊ ಆ ಮುಖವನ್ನು ನೋಡಿದ. ನೆಲ ಟೊಳ್ಳು. ಹೆಜ್ಜೆ ಇಟ್ಟರೆ ತಾನು ಬೀಳುತ್ತೇನೆ, ಹಿಂದಿರುವವರನ್ನೂ ಎಳೆದುಕೊಂಡು ಬೀಳುತ್ತೇನೆ. ಇನ್ನೊಬ್ಬನ ಹೆಸರಿನಲ್ಲಿ ಬಂದವನು ಕೆಲಸದ ಮೇಲಿರಲಿಲ್ಲ, ಉರಿಯುವ ಕಟ್ಟಡಕ್ಕೆ ಅಕ್ರಮವಾಗಿ ನುಗ್ಗಿದ ಎನ್ನುವುದಕ್ಕೂ ಇವರು ಹೇಸುವವರಲ್ಲ.

ಬಾಗಿಲ ಗಾಜಿನಾಚೆ, ಕಾರಿಡಾರಿನ ಬೆಂಚಿನ ಮೇಲೆ ಒಂದು ಕಂದು ಕೋಟು ಕಂಡಿತು. ಗುಂಡಿ ಕತ್ತಿನವರೆಗೆ ಹಾಕಿತ್ತು.

"ಇರ್ಲಿಲ್ಲ," ಎಂದ ಅಡೆಲಿನೊ.

"ಸೆನ್ಯೋರ್—" ಎಂದಳು ಕಾರ್ಲಾ.

"ಇರ್ಲಿಲ್ಲ ವಕೀಲಮ್ಮ. ರಜೆ ಇತ್ತು. ಮನೇಲಿ ಕಮೋಡ್ ಉಜ್ಜುತಾ ಇದ್ದೆ."

ಮಂಡಳಿಯವರಿಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ. ಅರ್ಜಿ ವಜಾ ಮಾಡಲು ಅವರಿಗೆ ಒಂದು ಕಾಫಿಯ ಹೊತ್ತೂ ಬೇಕಾಗಲಿಲ್ಲ. ಮೇಲ್ಮನವಿ ಹಾಕೋಣ ಎಂದಳು ಕಾರ್ಲಾ. ಹಾಕು ಎಂದ. ಅದು ಇತ್ಯರ್ಥವಾಗುವಷ್ಟು ಕಾಲ ತಾನಿರುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಮಂಡಳಿಗೂ ಗೊತ್ತಿತ್ತು. ಇವರ ಅತಿ ಅಗ್ಗದ ಔಷಧಿಯೆಂದರೆ ವಿಳಂಬ.

ಕಾರಿಡಾರಿನಲ್ಲಿ ನೋರೀನ್ ಎದ್ದು ನಿಂತಳು.

"ಕರೆದ್ರೆ ಬರೋಣ ಅಂತ ಕೂತಿದ್ದೆ. ಒಳಗೆ ಬರೋಕೆ ಕಾಲು ಬರಲಿಲ್ಲ. ಹೇಳಿದ್ಯಾ?"

"ಇಲ್ಲ."

ಅವಳ ಮುಖ ಸಡಿಲಿತು. ಕಟ್ಟಿದ್ದ ಉಸಿರು ಹೊರಬಂತು, ಕಣ್ಣು ತುಂಬಿತು. ಅದರಲ್ಲಿ ಕೃತಜ್ಞತೆ ಇದ್ದೀತು, ದುಃಖವೂ ಇದ್ದೀತು. ಆದರೆ ಎಲ್ಲಕ್ಕಿಂತ ಮೊದಲು ಬಂದದ್ದು ನಿರಾಳ. ಮನೆ ಉಳಿದವಳ ನಿರಾಳ. ಅಡೆಲಿನೊ ಅದನ್ನು ಕಂಡ. ಕಂಡು ದೃಷ್ಟಿ ಬೇರೆಡೆಗೆ ತಿರುಗಿಸಿದ. ಆಸ್ಪತ್ರೆಯಲ್ಲಿ ರೋಗದ ಹೆಸರು ಹೇಳಿದ ದಿನವೂ ಅವನಿಗೆ ತಾನು ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಅವಳೇ ಕಾರಿನಲ್ಲಿ ಮನೆಯವರೆಗೆ ಬಿಟ್ಟಳು. ಇಳಿಯುವಾಗ ಅವಳು ಕೇಳಿದಳು: "ಗುರುವಾರ ಸೂಪು ತರ್ಲಾ?"

"ಬೇಡ."

"ಸಿಟ್ಟಾ?"

"ಉಪ್ಪು ಕಮ್ಮಿ ನಿನ್ನ ಸೂಪಿಗೆ. ಎಂಟು ವರ್ಷದಿಂದ." ಅವನು ಕಾರಿನ ಬಾಗಿಲು ಹಿಡಿದುಕೊಂಡೇ ನಿಂತ. "ಡೆನಿಸ್ ಸಾಲ ಇವತ್ತಿಗೆ ತೀರ್ತು ನೋರೀನ್. ಇನ್ಮೇಲೆ ಪಾತ್ರೆ ಹೊತ್ಕೊಂಡು ಬರಬೇಡ. ಬರೋ ಮನಸ್ಸಿದ್ರೆ ಬರಿಗೈಲಿ ಬಾ. ಇಲ್ದಿದ್ರೆ ಬರಬೇಡ."

ಅವಳು ಸ್ಟೀರಿಂಗ್ ಹಿಡಿದು ಮುಂದೆಯೇ ನೋಡುತ್ತಿದ್ದಳು. ಅವನು ಬಾಗಿಲು ಹಾಕಿದ.

ಗುರುವಾರ ಬಂತು. ಅಡೆಲಿನೊ ಗಡ್ಡ ಹೆರೆದುಕೊಳ್ಳುವುದಿಲ್ಲ ಅಂದುಕೊಂಡ, ಆಮೇಲೆ ಹೆರೆದುಕೊಂಡ. ಮೆಟ್ಟಿಲು ಸದ್ದು ಮಾಡಲಿಲ್ಲ. ಅದರ ಮುಂದಿನ ಗುರುವಾರವೂ ಹಾಗೆಯೇ ಹೋಯಿತು. ಡಬ್ಬಿಯಲ್ಲಿ ನಗರಸಭೆಯ ಕೊನೆಯ ಲಕೋಟೆ ಬಂದಿತ್ತು, ತರಲು ಇಳಿಯಲಿಲ್ಲ. ಕುರ್ಚಿಯ ಮೇಲೆ ಪೇಪರು ರಾಶಿ ಬಿತ್ತು. ಮಸಿ ಹಿಡಿದ ಹಳೆಯ ಕೋಟು ಬಾಗಿಲ ಹಿಂದೆ ನೇತಾಡುತ್ತಿತ್ತು. ಹಿಂದೆಲ್ಲ ಅದನ್ನು ನೋಡಿದರೆ ಎದೆ ಉಬ್ಬುತ್ತಿತ್ತು. ಈಗ ಅದನ್ನು ಒಂದು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಬಿಗಿದು ಕಟ್ಟಿ, ಹಿಂದಿನ ವರಾಂಡಕ್ಕೆ ಹಾಕಿದ. ಗೋಡೆಯ ಮೇಲೆ ಕೋಟಿನ ಆಕಾರದ ಕಪ್ಪು ಗುರುತು ಉಳಿಯಿತು. ಎಷ್ಟು ಉಜ್ಜಿದರೂ ಹೋಗಲಿಲ್ಲ.

ಸೋಮವಾರ ಆಸ್ಪತ್ರೆಯ ದಿನ. ಔಷಧಿ ಏರಿಸಿಕೊಂಡು, ಬಸ್ಸಿನಲ್ಲಿ ತೂಕಡಿಸುತ್ತ ಮನೆಗೆ ಬಂದಾಗ ಡೋನಾ ಡೆಯೊಲಿಂಡ ಬೀದಿ ಬಾಗಿಲಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎಂಬತ್ತು ದಾಟಿದ ಹೆಂಗಸು, ಆ ಬೀದಿಯ ನಡತೆಗೆಲ್ಲ ತಾನೇ ಜವಾಬ್ದಾರಿ ಎಂದು ತಿಳಿದವಳು.

"ಎಲ್ಲಿಗೆ ಹೋಗಿದ್ಯಪ್ಪಾ? ಆ ಐರಿಶ್‌ನೋಳು ಬಂದಿದ್ಲು."

ಅಡೆಲಿನೊ ಮೆಟ್ಟಿಲ ಕಂಬಿ ಹಿಡಿದುಕೊಂಡ. "ಯಾವಾಗ?"

"ಮಧ್ಯಾಹ್ನ. ನೀನಿಲ್ಲ ಅಂದೆ. ಹೋಗ್ತಾಳೆ ಅಂದ್ಕೊಂಡ್ರೆ, ಮೇಲೆ ಹೋಗಿ ನಿನ್ನ ಬಾಗಿಲಲ್ಲಿ ಕೂತ್ಲು. ಕೋಟು ಬಿಚ್ಚಿ ಮೆಟ್ಟಿಲ ಮೇಲೆ ಹಾಸ್ಕೊಂಡು! ಏನು ಹೆಂಗಸಪ್ಪಾ. ನಾನು ಪ್ರಾರ್ಥನೆ ಮುಗಿಸಿ ಬರೋ ಹೊತ್ತಿಗೂ ಅಲ್ಲೇ ಇದ್ಲು. ಆಮೇಲೆ ಎದ್ದು ಹೋದ್ಲು."

"ಏನಾದ್ರೂ ಹೇಳಿದ್ಲಾ?"

"ಏನೂ ಇಲ್ಲ." ಡೋನಾ ಡೆಯೊಲಿಂಡ ದನಿ ತಗ್ಗಿಸಿದಳು, ಬೀದಿಗೆ ಕೇಳಬಾರದ ಮಾತು ಎಂಬಂತೆ. "ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ. ಕಾಯಿಲೆ ಮನುಷ್ಯನ್ನ ನೋಡೋಕೆ ಬರ್ತಾರೆ ಅಂದ್ರೆ ಒಂದು ಬ್ರೆಡ್ಡಾದ್ರೂ ಹಿಡ್ಕೊಂಡು ಬರ್ತಾರೆ. ಕೈ ಬೀಸ್ಕೊಂಡು ಬಂದಿದ್ಲು. ಏನಂದ್ರೆ ಏನೂ ತಂದಿರಲಿಲ್ಲ, ಮರ್ಯಾದೆ ಗೊತ್ತಿಲ್ದೋಳು!"

ಅಡೆಲಿನೊ ಕೆಳಗಿನ ಮೆಟ್ಟಿಲ ಮೇಲೇ ಕೂತುಬಿಟ್ಟ. ನಗು ಹೊಟ್ಟೆಯಿಂದ ಬಂತು, ಆಪರೇಷನ್ನಿನ ಹೊಲಿಗೆ ಹಾಕಿದ ಜಾಗ ಹಿಡಿದುಕೊಂಡು ನಕ್ಕ. ನಿನಗೆ ಜ್ವರ ಏರಿದೆಯೇನೋ ಎಂದು ಡೋನಾ ಡೆಯೊಲಿಂಡ ಹಣೆ ಮುಟ್ಟಿ ನೋಡಿದಳು.

ಆಮೇಲೆ ಅವನು ಮೇಲೆ ಹತ್ತಿದ, ಮಾಮೂಲಿನಂತೆ ಅಲ್ಲಲ್ಲಿ ಕೂರುತ್ತ. ಕೊನೆಯ ಮೆಟ್ಟಿಲ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕೂತ. ಒಳಗೆ ಹೋಗಿ ಕುರ್ಚಿಯ ಮೇಲಿನ ಪೇಪರನ್ನೆಲ್ಲ ಎತ್ತಿ ನೆಲಕ್ಕೆ ಹಾಕಿ, ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ತಿರುಗಿಸಿಟ್ಟ. ಮನೆ ಮೊದಲಿನಷ್ಟೇ ನಿಶ್ಶಬ್ದವಾಗಿತ್ತು. ಅವಳು ಮತ್ತೆ ಯಾವ ದಿನ ಬರುತ್ತಾಳೆ ಎಂದು ಈಗ ಹೇಳುವಂತಿರಲಿಲ್ಲ.